ಕೌದಿ ಭರಣಿ

ನಮ್ಮ ಊರಿನಲ್ಲಿ ಕರೆಂಟನ್ನು ಹೊತ್ತು ತರಬೇಕು. ತಂತಿಯಲ್ಲಿ ಅದು ಹನ್ನೆರಡು ಮಾರು ಬರುತ್ತದೆ, ಹದಿಮೂರನೆಯ ಮಾರಿಗೆ ಇರುವುದಿಲ್ಲ. ಹಿಂದಿನವರು ತಾಮ್ರದ ತಂತಿ ಎಳೆದು ನೋಡಿದ್ದಾರೆ, ಹೆಬ್ಬೆರಳು ದಪ್ಪದ ತಂತಿ ಎಳೆದು ನೋಡಿದ್ದಾರೆ, ಸಾಲಾಗಿ ಕಂಬ ನೆಟ್ಟು ನೋಡಿದ್ದಾರೆ. ಆ ಕಂಬಗಳಿಗೆ ಈಗ ಹೀರೇಬಳ್ಳಿ ಹಬ್ಬಿದೆ. ಊರಿನ ಕೆಳಗಡೆ ಕಾಲುವೆ, ಕಾಲುವೆಗೆ ಕರೆಂಟು ಹುಟ್ಟಿಸುವ ಒಂದು ದೊಡ್ಡ ಗಾಲಿ, ಗಾಲಿಯ ಮಗ್ಗುಲಿಗೆ ಅದನ್ನು ತುಂಬಿಸಿಕೊಳ್ಳುವ ತುಂಬುಕಟ್ಟೆ. ಬೆಳಗಾದರೆ ಜನ ಖಾಲಿ ಭರಣಿ ಹೊತ್ತು ಅಲ್ಲಿಗೆ ಇಳಿಯುತ್ತಾರೆ, ತುಂಬಿಸಿಕೊಂಡು ಏರಿ ಬರುತ್ತಾರೆ. ಮನೆಗೆ ಹೊಸ ಸೊಸೆ ಬಂದರೆ ಅತ್ತೆ ಮೊದಲು ನೋಡುವುದು ಅವಳ ನಡಿಗೆಯನ್ನು, ಭರಣಿ ಕುಲುಕಬಾರದು. ಸಂಬಂಧ ಕೇಳಿಕೊಂಡು ಬಂದ ಗಂಡಿನವರಿಗೆ ಹೆಣ್ಣಿನವರು ಹೊಲ ಎಷ್ಟು ಎಂದು ಕೇಳುವುದಕ್ಕೆ ಮುಂಚೆ, ‘ನಿಮ್ಮ ಮನಿ ಕಟ್ಟಿಗೆ ಎಷ್ಟು ದೂರ?’ ಎಂದು ಕೇಳುತ್ತಾರೆ.

ಮೊದಮೊದಲು ಕರೆಂಟು ಹಿಡಿದಿಡುವ ಇದನ್ನು ಉಪ್ಪಿನಕಾಯಿ ಭರಣಿಗಳಲ್ಲೇ ಮಾಡುತ್ತಿದ್ದರಂತೆ, ಹೆಸರು ಹಾಗೇ ಉಳಿದುಕೊಂಡಿತು. ಒಳಗಿರುವುದು ಬಹಳವೇನಲ್ಲ. ಒಂದು ಬದಿಗೆ ಸತುವಿನ ತಗಡು, ಇನ್ನೊಂದು ಬದಿಗೆ ಮ್ಯಾಂಗನೀಸಿನ ಕರಿ ಮುದ್ದೆ ಬಳಿದ ಹಲಗೆ, ನಡುವೆ ಒಂದು ಬಟ್ಟೆ, ಇಷ್ಟೂ ಮುಳುಗುವಂತೆ ಸತುವಿನ ಉಪ್ಪು ಕರಗಿಸಿದ ನೀರು. ದೀಪ ಉರಿಯುವಾಗ ಸತು ಕರಗಿ ನೀರಿಗಿಳಿಯುತ್ತದೆ, ಕಟ್ಟೆಯಲ್ಲಿ ತುಂಬಿಸುವಾಗ ವಾಪಸು ಬಂದು ತಗಡಿಗೆ ಕೂರುತ್ತದೆ. ನೀರಿನದಾದ್ದರಿಂದ ಬೆಂಕಿಯ ಭಯವಿಲ್ಲ. ಮಗು ಎಳೆದು ಉರುಳಿಸಿದರೆ ನೆಲ ಒರೆಸಿದರಾಯಿತು. ಇರುವ ತೊಂದರೆ ಒಂದೇ. ವಾಪಸು ಬರುವ ಸತು ಎದ್ದು ಹೋದ ಜಾಗದಲ್ಲೇ ಕೂರುವುದಿಲ್ಲ. ಎಲ್ಲಿ ಚೂರು ಉಬ್ಬು ಕಂಡಿತೋ ಅಲ್ಲಿಯೇ ಗುಂಪು ಕಟ್ಟುತ್ತದೆ. ಉಬ್ಬು ಮುಳ್ಳಾಗುತ್ತದೆ, ಮುಳ್ಳು ಬೆಳೆದು ನಡುವಿನ ಬಟ್ಟೆಯನ್ನು ತೂತು ಮಾಡಿ ಕರಿ ಹಲಗೆಯನ್ನು ಮುಟ್ಟುತ್ತದೆ. ಮುಟ್ಟಿದ ಕ್ಷಣಕ್ಕೆ ಭರಣಿ ಸತ್ತಿತು. ಎಪ್ಪತ್ತು ಸಲ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಭರಣಿಗಳೂ ಹೀಗೆ, ಯಾವ ಸೂಚನೆಯನ್ನೂ ಕೊಡದೆ ಸಾಯುತ್ತಿದ್ದವು.

ನನ್ನ ಹೆಸರು ಮಹಾನಂದಾ. ಊರಿನ ಭರಣಿಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಲ್ಲಿ ಭರಣಿ ಮಾಡುತ್ತೇವೆ, ಸತ್ತವನ್ನು ಬಿಚ್ಚಿ ರಿಪೇರಿ ಮಾಡುತ್ತೇವೆ, ಉಳಿದ ಹೊತ್ತಿನಲ್ಲಿ ಇನ್ನೂ ಒಳ್ಳೆಯ ಭರಣಿ ಹೇಗೆ ಮಾಡಬಹುದೆಂದು ಹುಡುಕುತ್ತೇವೆ. ಶಾಲೆಯ ಹಿರಿಯರು ಅಡಿವೆಪ್ಪ ಮಾಸ್ತರು. ಕಣ್ಣು ಮಂಜಾದ ಮೇಲೆ ಅವರು ತಗಡನ್ನು ಹೆಬ್ಬೆರಳಿನಿಂದ ಓದುತ್ತಾರೆ. ಮುಳ್ಳು ಎಲ್ಲಿದೆ, ಎಷ್ಟು ದಿನದ್ದು ಎಂದು ಮುಟ್ಟಿ ಹೇಳುತ್ತಾರೆ. ಹೊಸ ಮಾದರಿಯ ಭರಣಿಗೆ ಅವರದೊಂದು ನಿಯಮ. ಅಂಥ ಹತ್ತು ಭರಣಿ ಮಾಡಬೇಕು, ತುಂಬಿಸಿ ಖಾಲಿ ಮಾಡುತ್ತಾ ಹೋಗಬೇಕು, ಮೊದಲನೆಯದು ಸಾಯುವತನಕ ಒಂದನ್ನೂ ಊರಿಗೆ ಕೊಡಬಾರದು. ಮೊದಲು ಸತ್ತದ್ದು ಎಷ್ಟು ಬಾಳಿತೋ ಅಷ್ಟೇ ಆ ಮಾದರಿಯ ಆಯುಷ್ಯ. ‘ಎಲ್ಲಾಕಿಂತ ಹೆಚ್ಚು ಬಾಳಿದ್ದನ್ನ ತೋರಿಸಿ ಮೆರಿಬ್ಯಾಡ್ರಿ. ಯಾರ ಮನಿಗೆ ಯಾವುದು ಹೋಗತೈತಿ ಅಂತ ನಿಮಗೇನು ಗೊತ್ತು?’ ಎನ್ನುತ್ತಿದ್ದರು.

ನಮ್ಮ ಶಾಲೆಗೆ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಮಾಬೂಬಿ. ಮೇಲಿನ ಓಣಿಯವಳು, ಐವತ್ತೈದರ ಆಸುಪಾಸು. ಊರೆಲ್ಲ ಅವಳನ್ನು ಮಾಬವ್ವ ಎನ್ನುತ್ತದೆ. ಹಳೆ ಸೀರೆ, ಹಳೆ ಧೋತರಗಳನ್ನು ಪದರ ಪದರ ಇಟ್ಟು ಕೌದಿ ಹೊಲಿಯುವುದು ಅವಳ ಕೆಲಸ. ಗಂಡ ದಾವಲಸಾಬ ನದಾಫ ನಲವತ್ತು ವರ್ಷ ಹತ್ತಿ ಪಿಂಜಿದವನು. ಆ ಹತ್ತಿಯ ಧೂಳು ಎದೆಯಲ್ಲಿ ಕೂತು, ಈಗ ಮೂರು ವರ್ಷದಿಂದ ಮಂಚದ ಪಕ್ಕದ ಉಸಿರಿನ ಯಂತ್ರವಿಲ್ಲದೆ ಬದುಕುವ ಹಾಗಿರಲಿಲ್ಲ. ‘ಹತ್ತಿಯಿಂದ ಹೊಟ್ಟಿ ತುಂಬಿಸಿಕೊಂಡೆ, ಎದಿನೂ ತುಂಬತು ನೋಡವಾ’ ಎಂದು ನನ್ನೆದುರು ನಕ್ಕಿದ್ದ. ಗಾಳಿಯನ್ನು ಸೋಸಿ ಮೂಗಿನ ನಳಿಕೆಗೆ ಕೊಡುವ ಆ ಯಂತ್ರಕ್ಕೆ ಒಂದು ಭರಣಿ ಮೂರು ತಾಸು ಬರುತ್ತದೆ. ಅಂದರೆ ದಿನಕ್ಕೆ ಎಂಟು ಭರಣಿ. ಕಾಲುವೆಯ ತಂಪು ಅವನ ಎದೆಗೆ ಆಗದು, ಆದ್ದರಿಂದ ಕಟ್ಟೆಯ ಹತ್ತಿರ ಮನೆ ಮಾಡುವ ಮಾತಿರಲಿಲ್ಲ. ತಲೆಯ ಮೇಲೊಂದು, ಸೊಂಟದಲ್ಲೊಂದು, ದಿನಕ್ಕೆ ನಾಲ್ಕು ಸಲ ಮಾಬವ್ವ ಇಳಿದು ಏರುತ್ತಿದ್ದಳು. ಅವಳು ಮನೆಯಲ್ಲಿಲ್ಲದಾಗ ಭರಣಿ ಸತ್ತರೆ ದಾವಲಕಾಕಾ ತಾನೇ ಎದ್ದು ಇನ್ನೊಂದಕ್ಕೆ ತಂತಿ ಸಿಕ್ಕಿಸಬೇಕು. ಕೈಲಾದ ದಿನ ಅದಾಗುತ್ತಿತ್ತು.

ಭರಣಿ ಒಂದಕ್ಕೊಂದು ತಾಗಿ ಒಡೆಯದಿರಲೆಂದು ಅವಳು ಪ್ರತಿಯೊಂದಕ್ಕೂ ಕೌದಿಯ ಕವಚ ಹೊಲಿದಿದ್ದಳು. ಒಂದು ದಿನ ಸತ್ತ ಭರಣಿಯೊಂದನ್ನು ತಂದಿಟ್ಟಾಗ ನಾನು ಆ ಕವಚವನ್ನು ಹಿಸುಕಿ ನೋಡಿದೆ. ಏಳೆಂಟು ಪದರ ಇತ್ತು, ಒಗೆದೂ ಒಗೆದೂ ನೂಲು ಮೆತ್ತಗಾಗಿ ಒಂದರೊಳಗೊಂದು ಸೇರಿಕೊಂಡಿತ್ತು.

‘ಮಾಬವ್ವ, ಇದರ ಒಂದು ಅಂಗೈ ಅಗಲದ ತುಣುಕು ಹೊಲದು ಕೊಡ್ತಿ ಏನು?’ ಎಂದೆ.

‘ಏನ್ ಮಾಡ್ತೀರಿ ಅಕ್ಕೋರ? ಗೊಂಬಿಗೆ ಹೊಚ್ಚತೀರೇನು?’

‘ಭರಣಿ ಒಳಗ ಹಾಕ್ತೀನಿ.’

ಅವಳು ನಕ್ಕಳು, ಆದರೆ ಮರುದಿನ ತಂದುಕೊಟ್ಟಳು. ಅಷ್ಟು ಸಣ್ಣ ತುಣುಕಿಗೂ ನಾಲ್ಕು ಮೂಲೆಯಲ್ಲಿ ಬಣ್ಣದ ತ್ರಿಕೋನ ಕೂರಿಸಿದ್ದಳು. ನಾನು ಬಣ್ಣ ಬಿಟ್ಟೀತೆಂದು ಅದನ್ನು ಬಿಚ್ಚಿದೆ, ಅವಳು ಒಂದು ವಾರ ಅದನ್ನೇ ಆಡಿಕೊಂಡಳು.

ನಡುವಿನ ಬಟ್ಟೆಯ ಜಾಗದಲ್ಲಿ ಕೌದಿ ಹಾಕಿದ ಆ ಭರಣಿ ಎಪ್ಪತ್ತು ದಾಟಿತು. ಎಂಬತ್ತು ದಾಟಿತು. ತೊಂಬತ್ತಾದ ದಿನ ನಾನು ಶಾಲೆಯ ಅಂಗಳದಲ್ಲಿ ಹುಚ್ಚಿಯ ಹಾಗೆ ಓಡಾಡಿದೆ. ಮಾಸ್ತರು ಬೆರಳು ಎತ್ತಿ, ‘ಇದು ಒಂದು. ಇನ್ನ ಒಂಬತ್ತು ಎಲ್ಲಿ?’ ಎಂದರು. ನಾನು ಎರಡನೆಯದನ್ನು ಮಾಡಿ ಮುಗಿಸಿದ್ದೆ, ಅಷ್ಟೇ.

ಅದೇ ವಾರ ಮಾಬವ್ವ ಶಾಲೆಯ ಮೆಟ್ಟಿಲಿಗೆ ಬಂದು ಕುಳಿತಳು. ತಿಂಗಳಲ್ಲಿ ಅವಳ ನಾಲ್ಕನೆಯ ಭರಣಿ ಸತ್ತಿತ್ತು. ಪಾದ ಊದಿಕೊಂಡು ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಳುತ್ತಿರಲಿಲ್ಲ; ಅತ್ತಿದ್ದರೆ ಬಹುಶಃ ನಾನು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಸುಮ್ಮನೆ ಕುಳಿತು ಪಾದ ಒತ್ತಿಕೊಳ್ಳುತ್ತಿದ್ದಳು. ಮಾಸ್ತರು ಊಟಕ್ಕೆ ಹೋಗಿದ್ದರು. ನಾನು ಒಳಗೆ ಹೋಗಿ ಎರಡನೆಯ ಕೌದಿ ಭರಣಿಯನ್ನು ಎತ್ತಿಕೊಂಡು ಬಂದೆ.

‘ಇದನ್ನ ಒಯ್ಯಿ. ಹೊಸಾದು. ಗಟ್ಟಿ ಐತಿ.’

ಅದನ್ನು ಇನ್ನೂ ಪರೀಕ್ಷೆ ಮಾಡಿಲ್ಲ ಎಂದು ಹೇಳಲಿಲ್ಲ. ಹೇಳಿದರೆ ಅವಳ ಮುಖದಲ್ಲಿ ಆಗ ಮೂಡಿದ ನಿರಾಳ ಮೂಡುತ್ತಿರಲಿಲ್ಲ, ನನಗೆ ಅದು ಬೇಕಾಗಿತ್ತು.

ಇಪ್ಪತ್ತಾರು ದಿನ ಎಲ್ಲವೂ ಚೆನ್ನಾಗಿತ್ತು. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಮಾಬವ್ವ ಕಟ್ಟೆಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಮನೆಯಲ್ಲಿ ಆ ಭರಣಿ ಸತ್ತಿತು. ಪಕ್ಕದ ಮನೆಯ ಕಾಳವ್ವ ರೊಟ್ಟಿ ಬಡಿಯುತ್ತಿದ್ದಳು. ದಾವಲಕಾಕಾನ ಯಂತ್ರದ ಗೊರಗೊರ ಅವಳ ಕಿವಿಗೆ ದಿನವೂ ಬೀಳುವಂಥದ್ದು. ಅದು ನಿಂತಾಗ ಅವಳ ಕೈಯೂ ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದರೆ ಕಾಕಾ ಮಂಚದಿಂದ ಜಾರಿ ನೆಲದ ಮೇಲಿದ್ದ. ಗೋಡೆಯ ಪಕ್ಕ ಇದ್ದ ತುಂಬಿದ ಭರಣಿಗೆ ಕೈ ಚಾಚಿದ್ದ, ಒಂದು ಗೇಣು ಕಡಿಮೆ ಬಿದ್ದಿತ್ತು. ತುಟಿ ನೇರಳೆಗಟ್ಟಿತ್ತು. ಕಾಳವ್ವ ಜನ್ಮದಲ್ಲಿ ಯಂತ್ರ ಮುಟ್ಟಿದವಳಲ್ಲ. ಕಾಕಾ ಬೆರಳಿನಿಂದಲೇ ಇದು ಕೆಂಪು, ಇದು ಕಪ್ಪು ಎಂದು ತೋರಿಸಿದ. ಅವಳು ತಂತಿ ಸಿಕ್ಕಿಸಿದಳು. ಯಂತ್ರ ಮತ್ತೆ ಗೊರಗೊರ ಎಂದ ಮೇಲೆ ಅಲ್ಲೇ ಕುಸಿದು ಕೂತು ಜೋರಾಗಿ ಅಳಲು ಶುರುಮಾಡಿದಳು. ಆ ಅಳು ಕೇಳಿ ಓಣಿ ಸೇರಿತು.

ಸುದ್ದಿ ಶಾಲೆಗೆ ಬಂದಾಗ ನಾನು ಮಾಸ್ತರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಕೋಲು ಹುಡುಕಿದರು, ‘ನಡಿ, ಅವರ ಮನಿಗೆ ಹೋಗೂಣು’ ಎಂದರು. ಅವರ ಮನೆಯ ಹೊಸ್ತಿಲಲ್ಲಿ ನಿಂತು, ನಾನು ಬಾಯಿ ತೆರೆಯುವ ಮೊದಲೇ, ‘ಮಾಬವ್ವಾ, ಭರಣಿ ಶಾಲಿದು. ತಪ್ಪು ಶಾಲಿದು. ಪರೀಕ್ಷಾ ಮಾಡದನ ಕೊಟ್ಟೀವಿ’ ಎಂದರು.

ಮಾಬವ್ವ ಗಂಡನ ಪಾದ ತಿಕ್ಕುತ್ತಿದ್ದಳು. ನನ್ನ ಕಡೆ ನೋಡಿದಳು.

‘ಅಕ್ಕೋರ, ಭರಣಿ ಸಾಯೂದು ನನಗ ಹೊಸಾದಲ್ಲ. ಮೂರು ವರ್ಷದಾಗ ಎಷ್ಟು ಸಾಯಿಸೀನಿ. ಆದ್ರ ಇದು ನೆಚ್ಚೂವಂಥಾದ್ದಲ್ಲ ಅಂತ ನೀವು ಒಂದ್ ಮಾತು ಹೇಳಿದ್ರ, ನಾ ಮನ್ಯಾಗಿದ್ದಾಗಷ್ಟ ಅದನ್ನ ಹಚ್ಚತಿದ್ದೆ. ಗಟ್ಟಿ ಐತಿ ಅಂದ್ರಿ. ನಿಮ್ಮ ಮಾತು ನಂಬಿ ಅದನ್ನ ಹಚ್ಚಿಟ್ಟು ನಾ ಕಟ್ಟಿಗೆ ಹೋದೆ.’

ಮಂಚದ ಮೇಲಿಂದ ದಾವಲಕಾಕಾ, ‘ಹೋಗ್ಲಿ ಬಿಡ. ಕಾಳವ್ವನ ರೊಟ್ಟಿ ಹೊತ್ತಿ ಹೋದುವಂತ, ಅದನ್ನ ನೋಡ್ರಿ ಮೊದಲು’ ಎಂದ.

ಹತ್ತು ದಿನ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಸತ್ತ ಭರಣಿಯನ್ನು ನಾನು ಬಿಚ್ಚಿ ನೋಡಿದೆ. ಕೌದಿಯ ಮೇಲೆ ಅಲ್ಲಲ್ಲಿ ಮುಳ್ಳು. ಆದರೆ ಯಾಕೆ ಅಲ್ಲಿ, ಯಾಕೆ ಇಷ್ಟು ಬೇಗ ಎಂಬುದು ತಿಳಿಯಲಿಲ್ಲ. ಶಾಲೆಯಲ್ಲಿದ್ದ ಮೊದಲನೆಯದು ಇನ್ನೂ ಜೀವಂತವಿತ್ತು. ಮಾಸ್ತರು, ‘ಅದನ್ನ ನೀ ಇಲ್ಲೆ ಹೂವಿನಂಗ ಇಟ್ಟು ಸಾವಕಾಶ ತುಂಬತೀದಿ. ಆಕಿ ಹೊತ್ತುಕೊಂಡು ಹೋಗತಾಳ. ಕಟ್ಟಿ ಮ್ಯಾಲೆ ಚನಬಸು ಅರ್ಧಾ ತಾಸಿನ್ಯಾಗ ತುಂಬಿ ಕೈಗೆ ಕೊಡತಾನ. ಅವಸರ ಮಾಡಿದ್ರ ಸತು ಶಿಸ್ತಿಲೆ ಕುಂದ್ರತೈತೇನು?’ ಎಂದರು. ಚನಬಸು ಗಾಲಿ ನೋಡಿಕೊಳ್ಳುವವನು. ಅವನ ಮುಂದೆ ಸಾಲು ಯಾವಾಗಲೂ ಉದ್ದ, ಅವನ ತಪ್ಪೇನೂ ಇರಲಿಲ್ಲ.

ಹನ್ನೊಂದನೆಯ ದಿನ ಮಾಬವ್ವ ಬಂದಳು. ‘ಆ ಕೌದಿ ತುಣುಕು ಎಲ್ಲೈತಿ? ತೋರಸ್ರಿ’ ಎಂದಳು. ನಾನು ಕೊಟ್ಟೆ. ಬೆಳಕಿಗೆ ಹಿಡಿದು, ಹೊಲಿಗೆಯ ಉದ್ದಕ್ಕೂ ಉಗುರು ಹಾಯಿಸಿದಳು.

‘ನೋಡ್ರಿಲ್ಲೆ. ಬಟ್ಟಿ ಮ್ಯಾಲೆ ಒಂದೂ ಇಲ್ಲ. ಎಲ್ಲಾ ನನ್ನ ಸೂಜಿ ಹೋದಲ್ಲೆ ಹೊಂಟಾವ.’

ನಿಜ. ಪದರಗಳನ್ನು ದಾಟಲಾರದ ಮುಳ್ಳು ಸೂಜಿಯ ತೂತು ಹುಡುಕಿಕೊಂಡು ಹೊರಟಿತ್ತು. ಹನ್ನೊಂದು ವರ್ಷ ಮುಳ್ಳು ನೋಡಿದ ನನಗೆ ಕಾಣದ್ದು ನಲವತ್ತು ವರ್ಷ ಸೂಜಿ ಹಿಡಿದವಳಿಗೆ ಕಂಡಿತ್ತು.

‘ಹಂಗಾದ್ರ ಹೊಲಿಲಾರದ ಪದರ ಹೆಂಗ ನಿಲ್ಲಸೂದು ಮಾಬವ್ವ?’

‘ಸುತ್ತಲ ಅಂಚಿಗಷ್ಟ ಹೊಲದ್ರಾತು. ನಡುವ ಗಂಜಿ ಹಚ್ಚಿ ಕಲ್ಲಿನ ಬುಡಕ ಇಡೂಣು. ಮಗ್ಗದವರು ನೂಲಿಗೆ ಗಂಜಿ ಕುಡಸಂಗಿಲ್ಲೇನು?’ ಎಂದವಳು, ತುಣುಕನ್ನು ನನ್ನ ಕೈಗೆ ವಾಪಸು ಇಟ್ಟು, ‘ಈ ಸಲ ಹತ್ತೂ ಆಗಲಿ. ನಾನೂ ಕುಂದರತೀನಿ’ ಎಂದಳು.

ಅಕ್ಕಿಯ ಗಂಜಿ ನೀರಿನಲ್ಲಿ ಬೇಗ ಬಿಟ್ಟಿತು. ಜೋಳದ್ದು ಹುಳಿ ಬಂದು ನಾತ ಹೊಡೆಯಿತು. ಹುಣಸೆಬೀಜದ ಗಂಜಿ ನಿಂತಿತು. ಒಣಗಿ, ಕಲ್ಲಿನ ಭಾರಕ್ಕೆ ಪದರಗಳೆಲ್ಲ ಸೇರಿ ಒಂದೇ ಹಾಳೆಯಂತಾದವು. ನೀರು ಅದರೊಳಗೆ ಹಾಯುತ್ತಿತ್ತು, ನಡುವೆ ಸೂಜಿಯ ತೂತೆಂಬುದೇ ಇರಲಿಲ್ಲ. ಅಂಥ ಹತ್ತು ಭರಣಿ ಮಾಡಿದೆವು.

ಇವನ್ನು ಶಾಲೆಯೊಳಗೆ ಪರೀಕ್ಷಿಸುವುದು ಬೇಡ ಎಂದರು ಮಾಸ್ತರು. ಊರಿನವರು ಹೊತ್ತು, ಕಟ್ಟೆಯ ಅವಸರದಲ್ಲಿ ತುಂಬಿಸಿ, ಕುಲುಕಾಡಿಸಿಕೊಂಡು ಮನೆಗೆ ಒಯ್ಯಬೇಕು. ಆದರೆ ಸತ್ತರೆ ಬರೀ ದೀಪ ಆರುವಂಥ ಮನೆಗಳಿಗೆ ಮಾತ್ರ ಕೊಡಬೇಕು. ಅವರು ತಾವೇ ಕೋಲೂರಿಕೊಂಡು ಮನೆ ಮನೆಗೆ ಹೋಗಿ, ‘ಇದು ಪರೀಕ್ಷಾದ ಭರಣಿ. ಯಾವಾಗ ಸಾಯತೈತಿ ನಮಗೂ ಗೊತ್ತಿಲ್ಲ. ತೊಗೋತೀರೇನು?’ ಎಂದು ಕೇಳಿದರು. ಎಂಟು ಮನೆಯವರು ತೆಗೆದುಕೊಂಡರು. ಬದಲಿಗೆ ತಮ್ಮಲ್ಲಿದ್ದ ಹೊಸ ಭರಣಿಗಳನ್ನು, ಹತ್ತು ಸಲವೂ ತುಂಬಿಸದ ಎಳೆಯ ಭರಣಿಗಳನ್ನು, ದಾವಲಕಾಕಾನ ಮನೆಗೆ ಕಳಿಸಿದರು. ಯಾರೂ ಹೇಳಿರಲಿಲ್ಲ. ಕಾಳವ್ವ ಶುರುಮಾಡಿದಳು, ಉಳಿದವರು ಅವಳನ್ನು ನೋಡಿ ತಾವೂ ಕಳಿಸಿದರು. ಕಾಳವ್ವ ಪರೀಕ್ಷೆಯ ಭರಣಿಗೆ ಕುಂಕುಮ ಹಚ್ಚಿ ಮಿಕ್ಸರಿಗೆ ಜೋಡಿಸಿಕೊಂಡು, ‘ನನ್ನ ಚಟ್ನಿ ಅರ್ಧಕ್ಕ ನಿಂತ್ರೂ ಚಿಂತಿಲ್ಲ’ ಎಂದಳು.

ಉಳಿದ ಎರಡನ್ನು ನಾನು ಹೊತ್ತೆ. ಮಾಬವ್ವನ ಜೊತೆಗೇ ಇಳಿದು, ಅವಳ ಜೊತೆಗೇ ಏರಿದೆ. ಮೊದಲ ವಾರ ಕುತ್ತಿಗೆ ತಿರುಗಿಸಲು ಬರಲಿಲ್ಲ. ‘ಅಕ್ಕೋರ, ನೆಲಾ ನೋಡಬ್ಯಾಡ್ರಿ. ನೆಲಾ ನೋಡಿದ್ರ ಭರಣಿ ಕುಲಕತೈತಿ. ಎದರಿಗೆ ನೋಡ್ರಿ’ ಎಂದು ಕಲಿಸಿದಳು. ಎರಡನೆಯ ತಿಂಗಳಿಗೆ ಅವಳ ಮಾತಿನ ‘ರಿ’ ಬಿಟ್ಟುಹೋಯಿತು, ‘ನಂದಾ, ಬಾ’ ಎಂದು ಬಾಗಿಲಲ್ಲಿ ನಿಂತು ಕೂಗತೊಡಗಿದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ನನ್ನ ತಲೆಯ ಮೇಲಿನ ಸಿಂಬೆ ಸರಿಯಿಲ್ಲವೆಂದು ಒಂದು ದಿನ ತಾನೇ ಒಂದನ್ನು ಹೊಲಿದು ತಂದಳು. ಮೂಲೆಯೇ ಇಲ್ಲದ ಆ ದುಂಡನೆಯ ಸಿಂಬೆಗೆ ಹೇಗೋ ಬಣ್ಣದ ತ್ರಿಕೋನ ಕೂರಿಸಿದ್ದಳು.

ಮಳೆಗಾಲ ಬಂತು, ಹೋಯಿತು. ನೂರು ದಾಟಿತು, ನೂರೈವತ್ತು ದಾಟಿತು. ಇನ್ನೂರ ಹನ್ನೆರಡನೆಯ ತುಂಬಿನಲ್ಲಿ ಕಾಳವ್ವನ ಭರಣಿ ಹತ್ತರಲ್ಲಿ ಮೊದಲನೆಯದಾಗಿ ಕೈಬಿಟ್ಟಿತು. ಕೈಬಿಟ್ಟಿತು ಎಂದರೆ ಒಮ್ಮೆಲೇ ಅಲ್ಲ, ಅದಕ್ಕೂ ಇಪ್ಪತ್ತು ದಿನ ಮೊದಲಿನಿಂದ ಅವಳು ದೂರು ಹೇಳುತ್ತಿದ್ದಳು. ಮಿಕ್ಸರು ಮೊದಲಿನಷ್ಟು ಜೋರಾಗಿ ತಿರುಗುತ್ತಿಲ್ಲ, ದೀಪ ಸಂಜೆಗೇ ಮಂಕಾಗುತ್ತದೆ ಎಂದು. ಮೇಜಿನ ಮೇಲೆ ಬಿಚ್ಚಿ ಸತುವಿನ ತಗಡನ್ನು ಮಾಸ್ತರ ಕೈಗೆ ಕೊಟ್ಟೆ. ಅವರು ಹೆಬ್ಬೆರಳನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಎಳೆದರು. ಮತ್ತೊಮ್ಮೆ ಎಳೆದರು.

‘ಮುಳ್ಳಿಲ್ಲ’ ಎಂದರು. ‘ತಗಡು ಸವದೈತಿ ಅಷ್ಟ. ಮುದುಕಾಗಿ ಸತ್ತೈತಿ ನಂದಾ. ಹೇಳಿ ಸತ್ತೈತಿ.’

ತಗಡನ್ನು ಪಕ್ಕದಲ್ಲಿ ನಿಂತಿದ್ದ ಮಾಬವ್ವನ ಕೈಗೆ ಕೊಟ್ಟು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಬಹಳ ಹೊತ್ತು ಕುಳಿತರು. ಆ ಕನ್ನಡಕದಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಆ ಮಾದರಿಯಲ್ಲಿ ಹೊಸದಾಗಿ ಮಾಡಿದ ಮೊದಲ ಎಂಟು ಭರಣಿಗಳನ್ನು ದಾವಲಕಾಕಾನಿಗೆ ಕೊಟ್ಟೆವು. ಈ ಸಲ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಎಷ್ಟು ದಿನ ನಂಬಬಹುದು, ಕೊನೆ ಬಂದಾಗ ಯಂತ್ರದ ಸದ್ದು ಹೇಗೆ ತಗ್ಗುತ್ತದೆ, ತಗ್ಗಿದ ಮೇಲೆ ಎಷ್ಟು ದಿನ ಉಳಿದಿರುತ್ತದೆ. ಕಾಕಾ ಎಲ್ಲವನ್ನೂ ಕೇಳಿ, ‘ಹಂಗಾರ ಇದನ್ನ ನೆಚ್ಚಿ ಹೊರಗ ಹೋಗಬಹುದೇನವಾ?’ ಎಂದ.

ಮೂರು ವರ್ಷ ಅವನು ಹೊಸ್ತಿಲು ದಾಟಿರಲಿಲ್ಲ. ದಾರಿಯಲ್ಲಿ ಭರಣಿ ಸತ್ತರೆ ಎಂಬ ಹೆದರಿಕೆಗೆ ಮಾಬವ್ವ ಬಿಟ್ಟಿರಲಿಲ್ಲ.

‘ಎಲ್ಲಿಗೆ ಹೋಗತೀರಿ?’ ಎಂದಳು ಅವಳು.

‘ನೀ ದಿನಾ ಎಲ್ಲಿ ಹೋಗತಿ, ಅಲ್ಲಿಗೆ. ಆ ದಾರಿ ನೋಡಬೇಕು.’

‘ದಾರ್ಯಾಗೇನೈತಿ, ಮಣ್ಣು! ಮೊದಲು ನೋಡಿಲ್ಲೇನು ನೀವು?’

‘ನೀ ಹೊತ್ತು ನಡದ ದಾರಿ ನೋಡಿಲ್ಲ.’

ಬಿಸಿಲು ಚೆನ್ನಾಗಿದ್ದ ಒಂದು ದಿನ ತಳ್ಳುಗಾಡಿಯಲ್ಲಿ ಕೌದಿ ಹಾಸಿ ಕಾಕಾನನ್ನು ಕೂರಿಸಿದೆವು. ಮಡಿಲಲ್ಲಿ ಯಂತ್ರ, ಕಾಲ ಬಳಿ ಎರಡು ಭರಣಿ. ನಾನು ತಳ್ಳಿದೆ, ಮಾಬವ್ವ ಪಕ್ಕದಲ್ಲಿ ನಡೆದಳು, ಪ್ರತಿ ಕುಲುಕಿಗೂ ನನ್ನನ್ನು ಬೈಯುತ್ತಾ. ದಾರಿಯಲ್ಲಿ ಜನ ನಿಂತು ಮಾತಾಡಿಸಿದರು. ಗಿರಣಿಯವನು ಹೊರಗೆ ಬಂದು, ‘ಮಾಬವ್ವ ನಮ್ಮ ಗಿರಣಿ ಕಟ್ಟಿಮ್ಯಾಲೆ ದಿನಾ ಎರಡು ನಿಮಿಷ ಕೂತು ಹೋಗತಾಳ್ರಿ’ ಎಂದು ಜಾಗ ತೋರಿಸಿದ. ಕಾಕಾ ಗಾಡಿ ನಿಲ್ಲಿಸಲು ಹೇಳಿ ಆ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದ. ಇಳಿಜಾರು ಎಷ್ಟು ಕಡಿದು ಎಂದು ನೋಡಿದಾಗ ಅವನ ಮುಖ ಸ್ವಲ್ಪ ಕುಗ್ಗಿತು.

ತುಂಬುಕಟ್ಟೆಯಲ್ಲಿ ಚನಬಸು ತನ್ನ ಸ್ಟೂಲು ಬಿಟ್ಟುಕೊಟ್ಟ. ‘ನಿಮ್ಮ ಹೆಂಡತಿ ಬಂದದ್ದು ನನಗ ಗಾಲಿ ಸಪ್ಪಳದಾಗೂ ಗೊತ್ತಾಗತೈತ್ರಿ. ಇಳದು ಬರೂಮುಂದ ಹಾಡಿಕೋತ ಬರತಾಳಲ್ಲ!’

ಕಾಕಾ ಹೆಂಡತಿಯ ಕಡೆ ತಿರುಗಿದ. ‘ನೀ ಹಾಡತಿ?’

ಏಳು ತಿಂಗಳು ಅವಳ ಪಕ್ಕದಲ್ಲಿ ನಡೆದ ನನಗೆ ಅದು ದಿನದ ಸಂಗತಿ. ಬೀಸುವ ಹಾಡು, ಸೋಬಾನೆ ಹಾಡು, ಯಾವುದು ನೆನಪಾದರೆ ಅದು. ಅದು ಕಾಕಾನಿಗೆ ಗೊತ್ತಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ.

‘ಲಗ್ನಾದಾಗ ಹಾಡತಿದ್ದಿ’ ಎಂದ ಕಾಕಾ, ‘ಬಿಟ್ಟಿ ಅಂತ ತಿಳಕೊಂಡಿದ್ದೆ. ಮನ್ಯಾಗ ಮೂರು ವರ್ಷ ಒಂದ್ ಸೊಲ್ಲು ಹಾಡಿಲ್ಲ.’

ಮಾಬವ್ವ ಭರಣಿಯ ತಂತಿ ಸರಿಮಾಡುತ್ತಾ ತಲೆ ಎತ್ತದೆ ಹೇಳಿದಳು: ‘ಮನ್ಯಾಗ ಹೆಂಗ ಹಾಡಲಿ? ಯಂತ್ರದ ಸಪ್ಪಳ ಕೇಳಬೇಕಲ್ಲ. ನಾ ಹಾಡಿಕೋತ ಕುಂತ್ರ ಅದು ನಿಂತಿದ್ದು ತಿಳೀತಿರಲಿಲ್ಲ.’

ಚನಬಸು ಗಾಲಿಯ ಕಡೆ ಮುಖ ಮಾಡಿದ. ಕಾಕಾ ಅವಳ ಕೈಯಿಂದ ತಂತಿ ತೆಗೆದುಕೊಂಡು ತಾನೇ ಸಿಕ್ಕಿಸಿದ. ಭರಣಿ ತುಂಬುವತನಕ ಇಬ್ಬರೂ ಬಿಸಿಲಿನಲ್ಲಿ ಕುಳಿತರು. ಮಾಬವ್ವ ಏನು ಮಾಡಬೇಕೆಂದು ತಿಳಿಯದೆ ಎರಡು ಸಲ ಎದ್ದಳು, ಎರಡು ಸಲವೂ ಅವನು ಸೆರಗು ಹಿಡಿದು ಕೂರಿಸಿದ.

ವಾಪಸು ಬರುವಾಗ ಏರಿನಲ್ಲಿ ನಾನೂ ಚನಬಸುವೂ ಸೇರಿ ಗಾಡಿ ತಳ್ಳಿದೆವು. ಅರ್ಧ ಏರಿದ ಮೇಲೆ ಕಾಕಾ, ‘ಹಾಡ’ ಎಂದ. ‘ಜನಾ ಅದಾರ’ ಎಂದಳು ಮಾಬವ್ವ. ‘ಅವರೆಲ್ಲಾ ಕೇಳ್ಯಾರ. ನಾ ಒಬ್ಬವನ ಉಳಿದೀನಿ.’ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗಾಡಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋದಳು, ಯಾರಿಗೂ ಮುಖ ಕಾಣದ ಹಾಗೆ. ಮೊದಲು ಬಹಳ ಸಣ್ಣಗೆ, ಗಂಟಲಲ್ಲೇ. ಗಿರಣಿಯ ಹತ್ತಿರ ಬಂದಾಗ ಧ್ವನಿ ಬಿಟ್ಟುಕೊಂಡಿತು. ಕಾಕಾನ ಮಡಿಲಲ್ಲಿ ಯಂತ್ರ ಗೊರಗೊರ ಎನ್ನುತ್ತಲೇ ಇತ್ತೋ ಇಲ್ಲವೋ, ಅವಳ ಹಾಡಿನಲ್ಲಿ ನನಗೆ ಕೇಳಿಸಲಿಲ್ಲ. ನಾನು ಬಗ್ಗಿ ಕಾಕಾನನ್ನು ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಉಸಿರಾಡುತ್ತಿದ್ದ. ಮಾಬವ್ವ ಒಮ್ಮೆಯೂ ಹಿಂತಿರುಗಿ ನೋಡದೆ ಓಣಿ ಏರಿದಳು.